ಬಸುರಿಯ ಪಾಲಿನ ಮೀನು

ಮೊನ್ನೆ ಭಾನುವಾರ ನಮ್ಮ ಯಜಮಾನರು ಗುಂಡ್ಲುಪೇಟೆಯ ಅಂಗಡಿ ಬೀದಿಯಿಂದ ತಂದ ಚೀಲ ಬಿಚ್ಚಿದೆ. ಮೇಲೆ ಎದುರುಮನೆಯವರು ತರಲು ಹೇಳಿದ್ದ ವಿಭೂತಿ ಗಟ್ಟಿ, ಕೆಳಗೆ ಕವರಿನಲ್ಲಿ ಮೀನು. ಎರಡನ್ನೂ ಒಂದೇ ಚೀಲಕ್ಕೆ ತುರುಕಿ ತರುವ ಬುದ್ಧಿ ಇವರೊಬ್ಬರಿಗೇ ಬರಬೇಕು. ಬೈಯಲೆಂದು ಬಾಯಿ ತೆರೆದಿದ್ದೆ. ಆ ಎರಡು ವಾಸನೆ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ಬೈಗುಳ ಮರೆತು ಅಡುಗೆಮನೆಯ ಹೊಸಿಲ ಮೇಲೆ ಕುಳಿತುಬಿಟ್ಟೆ. ಗೋಡೆಯಾಚೆಯ ಅವ್ವ ನೆನಪಾದರು...

ನಾನು ಮದುವೆಯಾಗಿ ಬಂದದ್ದು ಚಾಮರಾಜನಗರದ ಪಕ್ಕ, ಹರದನಹಳ್ಳಿ ಕಡೆಯ ಒಂದು ಊರಿಗೆ. ನಮ್ಮ ಹಿತ್ತಿಲಿಗೂ ಅವ್ವನ ಹಿತ್ತಿಲಿಗೂ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಅವರು ಲಿಂಗಾಯತರು, ನಾವು ಮೀನು ಮಾಂಸ ತಿನ್ನುವವರು. ಅವ್ವನ ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಇದ್ದದ್ದು ಒಂದು ಹಸು, ಮತ್ತೆ ಬಾಯಿ. ಅಬ್ಬಬ್ಬಾ, ಅದೆಂಥ ಬಾಯಿ! ನಮ್ಮ ಒಲೆಯ ಮೇಲೆ ಮೀನು ಬೆಂದ ದಿನ ಅವರ ಕಿಟಕಿ ದಡಾರನೆ ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಗೋಡೆಯ ಮೇಲಿಂದ ತಲೆಯೊಂದು ಏಳುತ್ತಿತ್ತು.

"ಏನಮ್ಮಿ, ಇವತ್ತು ಕೆರೆನೇ ಒಲೆ ಮ್ಯಾಲೆ ಮಡಗ್ಬುಟ್ಟಿದ್ದೀಯಾ?"

ಮೊದಮೊದಲು ನನಗೆ ಅಳು ಬರುತ್ತಿತ್ತು. ಆಮೇಲೆ ಗೊತ್ತಾಯಿತು, ಬೈದ ಸಂಜೆಯೇ ಗೋಡೆಯ ಮೇಲೆ ಒಂದು ಲೋಟ ಮಜ್ಜಿಗೆ ಇರುತ್ತಿತ್ತು.

ನಾನು ಚೊಚ್ಚಲ ಬಸುರಿ. ನಾಲ್ಕು ತಿಂಗಳು ವಾಂತಿ ಮಾಡಿ ಮಾಡಿ ಕಡ್ಡಿಯಾಗಿದ್ದೆ. ಅನ್ನ ಕಂಡರೆ ಆಗದು, ಮುದ್ದೆ ಕಂಡರೆ ಆಗದು. ಒಂದು ದಿನ ಇದ್ದಕ್ಕಿದ್ದಂತೆ ಹುಳಿ ಹಿಂಡಿದ ಮೀನಿನ ಸಾರು ಬೇಕು ಅನ್ನಿಸಿತು. ಅನ್ನಿಸಿದ್ದೇನು, ಅದರ ಹೊರತು ಬೇರೆ ಯೋಚನೆಯೇ ಇಲ್ಲ! ಅದೇ ವಾರ ಮೊದಲ ಮಳೆ ಬಿತ್ತು. ಮಾರನೆಯ ಬೆಳಗ್ಗೆ ಊರ ಕೆರೆಯ ಮೀನೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಬಲೆ ಬೇಡ, ಗಾಳ ಬೇಡ, ಸೀರೆ ಸೆರಗಿನಲ್ಲೇ ಬಾಚಿಕೊಳ್ಳಬಹುದಿತ್ತು. ಕೆರೆಯಮ್ಮ ಒಲಿದಳು ಎಂದು ಊರಿಗೂರೇ ಕುಕ್ಕೆ ಹಿಡಿದು ಓಡಿತು. ಪೇಟೆಯ ಚರಂಡಿ ನೀರು ಆ ಕೆರೆಗೆ ಸೇರುತ್ತಿದ್ದದ್ದು, ಕೆರೆಯ ಮೇಲ್ಗಡೆ ನೂಲಿಗೆ ಬಣ್ಣ ಹಾಕುವ ಶೆಡ್ಡೊಂದು ಎದ್ದಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಆದರೆ ಅಷ್ಟು ಮೀನು ಕಣ್ಣಮುಂದೆ ಇರುವಾಗ ಯಾರಿಗೆ ನೆನಪಾಗುತ್ತದೆ?

ನಮ್ಮ ಬೀದಿಯಲ್ಲಿ ಒಂದು ಪದ್ಧತಿ. ಕೆರೆ ಮೀನು ಹಿಡಿದರೆ ಮೊದಲ ಪಾಲು ಬಸುರಿ ಇರುವ ಮನೆಗೆ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂಬ ನಂಬಿಕೆ. ಹಾಗಾಗಿ ಆ ದಿನ ಎಲ್ಲರಿಗಿಂತ ಮೊದಲು ದಪ್ಪ ದಪ್ಪ ಜಿಲೇಬಿ ಮೀನು ಬಂದದ್ದು ಎರಡು ಮನೆಗೆ. ನಮ್ಮ ಮನೆಗೆ, ಮತ್ತೆ ಬೀದಿ ಕೊನೆಯ ಇನ್ನೊಬ್ಬ ಬಸುರಿಯ ಮನೆಗೆ. ಎಂಥ ಪ್ರೀತಿಯಿಂದ ಕೊಟ್ಟರು ಅಂತೀರಿ!

ನಮ್ಮತ್ತೆ ಹಿತ್ತಿಲಲ್ಲಿ ಮೀನು ಉಜ್ಜಲು ಕುಳಿತಿದ್ದರು. ನಾನು ಪಕ್ಕದಲ್ಲೇ ಬಾಯಲ್ಲಿ ನೀರೂರಿಸಿಕೊಂಡು ಕುಳಿತಿದ್ದೆ. ಗೋಡೆಯ ಮೇಲೆ ತಲೆ ಎದ್ದಿತು. ಬೈಗುಳ ಬರುತ್ತದೆಂದು ಕಾದೆ, ಬರಲಿಲ್ಲ. ಅವ್ವ ಸುತ್ತಿ ಬಳಸಿ ಬಂದು, ಜೀವಮಾನದಲ್ಲಿ ಮೊದಲ ಸಲ ನಮ್ಮ ಹಿತ್ತಿಲಿಗೆ ಕಾಲಿಟ್ಟರು.

"ಆ ಕೂಸ್ಗೆ ಇದ ಉಣ್ಣುಸ್ಬ್ಯಾಡ ಕಣ್ ತಾಯಿ. ಆ ನೀರ ಕುಡ್ದು ನನ್ನ ಅಸ ಎರಡ್ ಸಲ ದಿನ ತುಂಬ್ದೇ ಕಂದು ಹಾಕ್ತು. ಅದ್ರಲ್ಲೇ ಬೆಳ್ದಿರ ಮೀನ ಬಸ್ರಿ ಒಟ್ಟೆಗ್ ಹಾಕೀಯಾ?"

ಅತ್ತೆಗೆ ರೇಗಿತು. "ನೀವು ತಿನ್ನೋರಲ್ಲ, ನಿಮ್ಗೇನ್ ಗೊತ್ತವ್ವಾ ಮೀನಿನ್ ವಿಚಾರ? ಬಯ್ಕೆ ತೀರ್ದೆ ಮೊಗೀನ್ ಕಿವಿ ಸೋರುದ್ರೆ?"

"ಕಿವಿ ಸೋರುದ್ರೆ ಔಸ್ದಿ ಬುಡಬೋದು. ಮೊಗನೇ ಸೋರೋದ್ರೆ ಎಲ್ಲಿಂದ ತತ್ತೀಯೆ?"

ಅತ್ತೆ ಮೀನನ್ನು ಕುಕ್ಕೆಗೆ ಸುರಿದು ದೂರ ತಳ್ಳಿದರು. ನಾನು ಹೊಟ್ಟೆ ಹಿಡಿದುಕೊಂಡೆ. ನಿಜ ಹೇಳುತ್ತೇನೆ, ಆಗಲೂ ನನಗೆ ಸಾರಿನದೇ ಆಸೆ, ಕಣ್ಣಲ್ಲಿ ನೀರು ಬಂತು. ಅವ್ವ ನೋಡಿದರು.

"ಅಳ್ಬ್ಯಾಡ ಕಣಮ್ಮಿ. ಬಯ್ಕೆ ತೀರುಸ್ಬೇಕು ತಾನೆ? ನಾ ತೀರುಸ್ತೀನಿ ಬುಡು."

ಬಾಯಿಮಾತು ಎಂದುಕೊಂಡೆ. ಮಾರನೆಯ ದಿನ ಸಂತೆಮರಹಳ್ಳಿಯ ಸಂತೆ. ಅವ್ವ ಬೆಳಗ್ಗೆಯೇ ಬಸ್ಸು ಹತ್ತಿ ಹೋದರು. ಕೊರಳಲ್ಲಿ ಲಿಂಗ, ಹಣೆಯ ತುಂಬ ವಿಭೂತಿ, ಮೂಗಿಗೆ ಸೆರಗು, ಹಾಗೆ ಹೋಗಿ ಮೀನಿನ ಬುಟ್ಟಿಗಳ ಮುಂದೆ ನಿಂತರಂತೆ. ಕೆರೆಯದೋ ಹೊಳೆಯದೋ ಎಂದು ಕೇಳಿ ಕೇಳಿ ಮಾರುವವನ ಪ್ರಾಣ ತಿಂದರಂತೆ. ವಾಪಸು ಬರುವಾಗ ಬಸ್ಸಿನಲ್ಲಿ ಅವರ ಕಡೆಯ ನೆಂಟರೇ ಸಿಕ್ಕಿ, ಚೀಲದಿಂದ ಎಂಥದೋ ವಾಸನೆ ಬರುತ್ತಿದೆಯಲ್ಲ ಎಂದು ತಗಾದೆ ತೆಗೆದರು. ಅದಕ್ಕೆ ಅವ್ವ ಬಸ್ಸಿಗೆಲ್ಲ ಕೇಳುವಂತೆ ಹೇಳಿದ್ದನ್ನು ಅದೇ ಬಸ್ಸಿನಲ್ಲಿದ್ದ ನಮ್ಮ ಬೀದಿಯವರು ಬಂದು ಹೇಳಿದರು. "ಮೀನು ಕಣ್ರೋ. ಬಸ್ರಿ ಒಟ್ಟೆಗೆ ತತ್ತಾ ಇವ್ನಿ, ನನ್ನ ಒಟ್ಟೆಗಲ್ಲ!"

ಗೋಡೆಯ ಮೇಲಿಂದ ಆ ಚೀಲ ನನ್ನ ಕೈಗೆ ಬಂದಾಗ ಹೊಳೆ ಮೀನಿನ ಜೊತೆ ಅವರ ಬೆರಳಿನ ವಿಭೂತಿಯ ವಾಸನೆಯೂ ಇತ್ತು. ಅಷ್ಟು ರುಚಿಯಾದ ಸಾರನ್ನು ನಾನು ಇವತ್ತಿನವರೆಗೂ ಉಂಡಿಲ್ಲ. ನಾನು ಉಣ್ಣುವವರೆಗೆ ಅವ್ವ ಸ್ನಾನಕ್ಕೂ ಹೋಗದೆ ಗೋಡೆಗೆ ಒರಗಿ ನಿಂತೇ ಇದ್ದರು. "ಉಪ್ಪು ಉಳಿ ಸರಿಯಾಗ್ ಅದಾ?" ಎಂದು ಬೇರೆ ಕೇಳಿದರು, ಮೂಗು ಮುಚ್ಚಿಕೊಂಡೇ!

ಆ ವಾರ ಬೀದಿಯ ತುಂಬ ವಾಂತಿ ಭೇದಿ. ಬೀದಿ ಕೊನೆಯ ಬಸುರಿಯನ್ನು ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದಾಗ ಅಲ್ಲಿನ ನರ್ಸಮ್ಮ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಬೈದರು. ಚರಂಡಿಯ ಕ್ರಿಮಿ ಬೇಯಿಸಿದರೆ ಸಾಯಬಹುದು, ಬಣ್ಣದ ನೀರಿನ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಮೀನಿನ ಮೈಯಲ್ಲಿ ಕುಳಿತು ತಾಯಿಗೆ ಬಂದು, ಅಲ್ಲಿಂದ ಮಗುವಿನ ಮಿದುಳಿಗೂ ಹೋಗುತ್ತದೆ, ತೇಲುವ ಮೀನು ವರವಲ್ಲ ಎಂದರು. ಆ ಹುಡುಗಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಮಗು ಅಂಗೈಯಷ್ಟಿತ್ತು, ಉಳಿಯಲಿಲ್ಲ. ಮೀನಿನಿಂದಲೇ ಹಾಗಾಯಿತೆಂದು ಯಾವ ಡಾಕ್ಟರೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಮೊದಲ ಪಾಲು ಕೊಟ್ಟವರು ವರ್ಷಗಟ್ಟಲೆ ಆ ಮನೆಯ ಮುಂದೆ ತಲೆಯೆತ್ತಿ ನಡೆಯಲಿಲ್ಲ. ಪಾಪ, ಅವರದೇನು ತಪ್ಪು...

ನನಗೆ ಹೆಣ್ಣು ಹುಟ್ಟಿತು, ಗುಂಡು ಗುಂಡಾಗಿ. ಅತ್ತೆ ಎಣ್ಣೆ ನೀರು ಹಾಕಿದ ಮೇಲೆ ಮಗುವನ್ನು ಮೊದಲು ಕೊಟ್ಟದ್ದು ಗೋಡೆಯಾಚೆಯ ಕೈಗೆ. ಆಮೇಲೆ ಅವಳು ಬೆಳೆದದ್ದೇ ಆ ಗೋಡೆ ಹತ್ತಿ ಇಳಿದು.

ಇವರಿಗೆ ಕೆಲಸದಲ್ಲಿ ವರ್ಗವಾಗಿ ನಾವು ಗುಂಡ್ಲುಪೇಟೆಗೆ ಬಂದೆವು. ಹೋದ ವರ್ಷ ಅವ್ವ ತೀರಿಕೊಂಡ ಸುದ್ದಿ ಬಂತು. ಮಗಳನ್ನು ಕರೆದುಕೊಂಡು ಓಡಿದೆ. ಅವರ ತಮ್ಮನ ತೋಟದಲ್ಲಿ ಗುಂಡಿ ತೋಡಿ, ಅವ್ವನನ್ನು ಕುಳ್ಳಿರಿಸಿ, ನೆಂಟರು ಮಣ್ಣು ಹಾಕಲು ನಿಂತಿದ್ದರು. ನಾವು ಹಿಂದೆ, ದೂರದಲ್ಲಿ ನಿಂತೆವು. ಅವ್ವನ ತಮ್ಮ ನಮ್ಮನ್ನು ನೋಡಿ ಹತ್ತಿರ ಬಂದರು.

"ನಮ್ಮಕ್ಕ ಸಂತೆಗ್ ಓಗಿ ಬಂದಿದ್ದು ಈ ಕೂಸಿಗೇ ಅಲ್ವಾ? ಬಾವ್ವ, ಮುಂದಕ್ಕ್ ಬಾ. ನಿಂದೇ ಮೊದ್ಲು."

ಮಗಳು ಮಣ್ಣು ಹಾಕಿದಳು. ನನಗೆ ಅಳು ಬಂತು, ನಾಚಿಕೆ ಬಿಟ್ಟು ಅತ್ತುಬಿಟ್ಟೆ.

ಅವಳೀಗ ಕಾಲೇಜಿಗೆ ಹೋಗುತ್ತಾಳೆ, ಮಾತಿಗೆ ಮಾತು ಕೊಡುತ್ತಾಳೆ. ನಿನಗೆಷ್ಟು ಜನ ಅಜ್ಜಿಯರು ಎಂದು ಯಾರಾದರೂ ಕೇಳಿದರೆ ಮೂವರು ಎನ್ನುತ್ತಾಳೆ. ಇಬ್ಬರು ಇದ್ದಾರೆ, ಒಬ್ಬರು ಇಲ್ಲ.