ಹನ್ನೆರಡನೇ ಚಿಟಿಕೆ

ನಮ್ಮ ಮಾಸ್ತರರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ತಪಕೀರು ಏರಿಸಿ ಏರಿಸಿ ಕಂದು ಬಣ್ಣಕ್ಕೆ ತಿರುಗಿದ್ದವು. ತಪಕೀರು ಅಂದರೆ ನಶ್ಯ. ನಿಪ್ಪಾಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂಬಾಕಿನ ಊರು ನಮ್ಮದು, ಬರೀ ಗಾಳಿ ಬೀಸಿದರೂ ಸೀನು ಬರುತ್ತದೆ. ಆ ಬೆರಳುಗಳಿಂದಲೇ ನುಡಿಸಿ ಅವರ ಪಿಯಾನೋದ ಬಿಳಿ ಪಟ್ಟಿಗಳೂ ಕಂದಾಗಿದ್ದವು. ಹೊಸದಾಗಿ ಕಲಿಯಲು ಹೋದಾಗ ಸಾ ಎಲ್ಲಿದೆ ಎಂದು ನಾನು ಕೇಳಲೇ ಇಲ್ಲ. ಎಲ್ಲಕ್ಕಿಂತ ಹೊಲಸಾದ ಪಟ್ಟಿ ಯಾವುದೋ ಅದೇ ಸಾ.

ಹೌದು, ಪಿಯಾನೋ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತಾರೆ, ಅರಿವೆ ಇಡುವ ಪೆಟ್ಟಿಗೆಗೂ ಪೇಟಿಯೇ. ಒಬ್ಬ ತಂಬಾಕು ವ್ಯಾಪಾರಿ ಕೊಲ್ಲಾಪುರದ ಹರಾಜಿನಲ್ಲಿ 'ದೊಡ್ಡ ಪೇಟಿ' ಎಂದದ್ದನ್ನು ಕೇಳಿ, ನೋಡದೆಯೇ ಕೂಗಿ ಕೊಂಡುಬಿಟ್ಟರಂತೆ. ಮನೆಗೆ ತಂದು ಮುಚ್ಚಳ ತೆಗೆದರೆ ಒಳಗೆ ಸಾಲಾಗಿ ಹಲ್ಲು. "ಇದರಾಗ ನನ್ನ ಸೀರಿ ಎಲ್ಲೆ ಇಡಲ್ರಿ?" ಎಂದು ಹೆಂಡತಿ ಕೇಳಿದ್ದೇ ತಡ, ಅದು ಊರಿನ ಏಕೈಕ ಪೇಟಿ ಮಾಸ್ತರರ ಮನೆ ಸೇರಿತು. ಎಂಟು ಮಂದಿ ಹೊತ್ತು ತಂದರು. ನಾನು ಗೆಳತಿಯರಿಗೆ ಹೇಳುವಾಗ ಹದಿನಾರು.

"ಮಾಸ್ತರ್ರಿ, ಇದನ್ನ ನಾ ಕಣ್ಣು ಮುಚ್ಚಿ ಬಾರಸ್ತೇನ್ರಿ" ಎಂದು ನಾನು ಜಂಬ ಕೊಚ್ಚಿದರೆ, "ಕಣ್ಣು ತಗದ ಬಾರಸ ಬೇ. ಮುಚ್ಚಕೊಳ್ಳಾಕ ನಮಗ ಕಿವಿ ಅದಾವ" ಅನ್ನುತ್ತಿದ್ದರು.

ಆ ಪಿಯಾನೋಕ್ಕಾಗಿ ಅವರು ಹನ್ನೆರಡು ಪುಟ್ಟ ರಚನೆಗಳನ್ನು ಕಟ್ಟಿದ್ದರು. ಎರಡು ನಿಮಿಷಕ್ಕೊಂದು, ಮೂರು ನಿಮಿಷಕ್ಕೊಂದು. ಯಡೂರಿನ ವೀರಭದ್ರನ ಮುಂದಿನ ಸಂಬಾಳ ವಾದ್ಯದ ಪೆಟ್ಟು ಒಂದರಲ್ಲಿ, ಪಂಢರಪುರಕ್ಕೆ ಹೊರಟ ಭಕ್ತರ ದಿಂಡಿಯ ಹೆಜ್ಜೆ ಇನ್ನೊಂದರಲ್ಲಿ, ಬೆಳಗಿನ ಬಸದಿಯ ಪೂಜೆಯ ರಾಗ ಮತ್ತೊಂದರಲ್ಲಿ. ಅವಕ್ಕೆ ಚಿಟಿಕೆ ಎಂದೇ ಹೆಸರು. "ದೊಡ್ಡ ಗವಾಯಿಗಳು ಹೊಟ್ಟಿ ತುಂಬ ಉಣಸ್ತಾರ. ನಂದು ಬರೇ ಚಿಟಿಕಿ. ಆದರ ಸೀನು ಬರಬೇಕ ನೋಡು!" ಪಿಯಾನೋದಲ್ಲಿ ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲ. ಅದಕ್ಕೂ ಅವರ ಬಳಿ ಉತ್ತರವಿತ್ತು. "ನಡುವಿನ ಸಂದಿ ಕೇಳಾವ್ರು ತುಂಬಕೋಬೇಕು. ಎಲ್ಲಾ ನಾನ ಮಾಡಿದರ ನಿಮಗೇನ ಕೆಲಸ?"

ಆದರೆ ಆ ವರ್ಷ ಅವರ ಎಡಗೈಯ ಕೊನೆಯ ಎರಡು ಬೆರಳು ಸೆಟೆದುಕೊಳ್ಳತೊಡಗಿದವು. "ಎರಡು ಸಂಪು ಹೂಡ್ಯಾವ. ಉಳದಾವು ಅವನ್ನ ಕೂಡಕೊಳ್ಳೂದರಾಗ ಹನ್ನೆರಡೂ ಟೇಪಿಗೆ ಹಾಕಬೇಕು" ಎಂದರು. ಅವರು ಏನನ್ನೂ ಬರೆದಿಟ್ಟಿರಲಿಲ್ಲ. ಬೆರಳು ಹೋದರೆ ಚಿಟಿಕೆಗಳೂ ಹೋದಂತೆ.

ರೆಕಾರ್ಡು ಮಾಡುವ ಟೇಪು ಇಡೀ ಓಣಿಯಲ್ಲಿ ನಮ್ಮ ಮನೆಯಲ್ಲಿ ಮಾತ್ರ ಇತ್ತು. ಹಾಗಾಗಿ ಹತ್ತನೇ ಇಯತ್ತೆಯ ನಾನು ರಾತ್ರೋರಾತ್ರಿ ರೆಕಾರ್ಡಿಂಗ್ ಇಂಜಿನಿಯರ್ ಆದೆ. ಒಂದೇ ತೊಡಕು: ಮಾಸ್ತರರ ಗೋಡೆಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ. ಅದು ತಿರುಗುವಾಗ ನಮ್ಮ ಹಲ್ಲೂ ಕಟಕಟ ಅನ್ನುತ್ತಿದ್ದವು. ಅದು ನಿಲ್ಲುತ್ತಿದ್ದದ್ದು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಕರೆಂಟು ಹೋದಾಗ. ಓಣಿಯೆಲ್ಲ ಸರ್ಕಾರಕ್ಕೆ ಬೈಯುವ ಹೊತ್ತಿಗೆ ಮಾಸ್ತರರು ಕೈಮುಗಿದು ಪಿಯಾನೋ ಮುಂದೆ ಕೂಡುತ್ತಿದ್ದರು. ಟೇಪಿಗೆ ನಾಲ್ಕು ಹೊಸ ಸೆಲ್ಲು ತಂದು ನನ್ನ ಕೈಗೆ ಕೊಟ್ಟು, "ಇವಕ್ಕ ಬ್ಯಾರೆ ಕೆಲಸ ಹಚ್ಚಬ್ಯಾಡ" ಎಂದಿದ್ದರು.

ಹಚ್ಚಿದೆ. ವಾರವಿಡೀ ಸಂಜೆ ಮಾಳಿಗೆಯ ಮೇಲೆ ಗೆಳತಿಯರನ್ನು ಕೂಡಿಸಿ ಅದೇ ಸೆಲ್ಲಿನಲ್ಲಿ ಸಿನಿಮಾ ಹಾಡು ಕೇಳಿಸಿದೆ.

ಹನ್ನೊಂದು ಚಿಟಿಕೆ ಚೆಂದಾಗಿ ಬಂದವು. ಹನ್ನೆರಡನೆಯದು ಅವರ ಅವ್ವ ತೊಟ್ಟಿಲು ತೂಗುತ್ತ ಹಾಡುತ್ತಿದ್ದ ಜೋಗುಳ. ನುಡಿಸಿ ಮುಗಿಸಿದಾಗ ಮಾಸ್ತರರು ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು, "ಆತು. ಇನ್ನೊಮ್ಮೆ ಬರೂದಿಲ್ಲ ಇದು" ಎಂದರು. ಕರೆಂಟು ಬಂತು. ಗಿರಣಿ ಕಾಕಾ ಮೈತುಂಬ ಹಿಟ್ಟು ಹೊತ್ತು ಕೇಳಲು ಬಂದು ನಿಂತರು. ವೈರು ಚುಚ್ಚಿ ಟೇಪು ಹಚ್ಚಿದೆ. ಜೋಗುಳ ಕೀಚಲು ದನಿಯಲ್ಲಿ, ಲೇಜಿಮಿನ ಕುಣಿತದ ಹಾಗೆ ಓಡತೊಡಗಿತು. ರೆಕಾರ್ಡು ಮಾಡುವಾಗ ಸೆಲ್ಲು ಸೋತು ಟೇಪು ನಿಧಾನ ತಿರುಗಿತ್ತು. ಕರೆಂಟಿನಲ್ಲಿ ಅದೇ ಈಗ ಜೋರಾಗಿ ಓಡುತ್ತಿತ್ತು.

"ಏ ಮಾಸ್ತರ, ಈ ಜೋಗುಳಕ್ಕ ಕೂಸು ತೊಟ್ಟಲಾ ಜಿಗದು ಓಡತೈತಿ!" ಎಂದರು ಕಾಕಾ. ಮಾಸ್ತರರೂ ನಕ್ಕರು. ನಕ್ಕು, ಮತ್ತೆ ಪಿಯಾನೋ ಮೇಲೆ ಕೈಯಿಟ್ಟರು. ಬೆರಳು ಏಳಲಿಲ್ಲ. ಓಣಿಯಲ್ಲಿ ಎಲ್ಲರಿಗಿಂತ ಹೆಚ್ಚು ನಗುವವಳು ನಾನು. ಅವತ್ತು ನಗು ಬರಲಿಲ್ಲ.

ಎಂಟು ದಿನ ಅವರ ಮನೆಯ ಮುಂದೆ ಹಾಯಲಿಲ್ಲ. ಒಂಬತ್ತನೆಯ ದಿನ ಮನೆಯಲ್ಲಿ ಆ ಕ್ಯಾಸೆಟ್ ಕೇಳುತ್ತಿದ್ದಾಗ ಕರೆಂಟು ಹೋಯಿತು. ಸೋತ ಸೆಲ್ಲನ್ನೇ ಹಾಕಿದೆ. ಜೋಗುಳ ತಗ್ಗಿತು, ನಿಧಾನವಾಯಿತು. ಟೇಪನ್ನು ಎತ್ತಿಕೊಂಡು ಚಪ್ಪಲಿ ಇಲ್ಲದೆ ಓಡಿದೆ.

ಮಾಸ್ತರರು ಕಣ್ಣು ಮುಚ್ಚಿ ಕೇಳಿದರು. "ಇನ್ನೂ ಒಂಚೂರು ಓಡಾಕತ್ತೈತಿ. ಸೆಲ್ಲು ಇನ್ನಷ್ಟ ಸಾಯಲಿ."

"ಮಾಸ್ತರ್ರಿ, ಸೆಲ್ಲು ಖಾಲಿ ಮಾಡಿದಾಕಿ ನಾನರಿ."

"ಗೊತ್ತೈತಿ ಬೇ. ನಿಮ್ಮ ಮಾಳಿಗಿ ಹಾಡು ನಮ್ಮ ಅಂಗಳಕ್ಕೂ ಬರತಿತ್ತು. ಚಲೋ ಹಾಡು. ತಿರಗಸು, ಇನ್ನೊಮ್ಮೆ ಹಚ್ಚು."

ನಾಲ್ಕನೇ ಸಲ ತಿರುಗಿಸಿದಾಗ ಅವರ ಕಂದು ಬೆರಳು ಮೊಣಕಾಲ ಮೇಲೆ ತಾಳ ಹಾಕತೊಡಗಿತು. "ಹಾಂ. ಈಗ ನಮ್ಮವ್ವ ತೂಗಾಕತ್ತಾಳ."

ಕೊಲ್ಲಾಪುರದಲ್ಲಿ ಹತ್ತು ಪ್ರತಿ ಮಾಡಿಸಿದರು. ಪ್ರತಿಯೊಂದರ ಹೊದಿಕೆಯ ಮೇಲೂ ಸ್ವತಃ ಬರೆದರು: 'ಹನ್ನೆರಡನೆಯದನ್ನು ಹಳೆಯ ಸೆಲ್ಲಿನಲ್ಲಿ ಕೇಳತಕ್ಕದ್ದು.'

ಹೋದ ವರ್ಷ ಮಾಸ್ತರರು ತೀರಿಕೊಂಡರು. ಮಣ್ಣು ಮುಗಿಸಿ ಬಂದ ಮಧ್ಯಾಹ್ನ ಗಿರಣಿ ಕಾಕಾ ನಮ್ಮ ಬಾಗಿಲಿಗೆ ಬಂದರು. ಮನೆಯ ರೇಡಿಯೋ, ಟಾರ್ಚು ಎಲ್ಲ ಬಿಚ್ಚಿ ತೆಗೆದ ನಾಲ್ಕು ಸೆಲ್ಲು ಕೈಯಲ್ಲಿದ್ದವು. "ಇವು ಅರ್ಧಾ ಸತ್ತಾವ. ನಡೀತಾವೇನ ನೋಡ ತಂಗಿ" ಎಂದರು.

ಮಾಸ್ತರರ ಮನೆಗೆ ಹೋಗಿ ಪಿಯಾನೋ ಮೇಲೆ ಟೇಪು ಇಟ್ಟು ಹಚ್ಚಿದೆ. ಜೋಗುಳ ಒಂಚೂರೂ ಓಡಲಿಲ್ಲ. ಆಮೇಲೆ ನನಗೆ ಹೊಳೆಯಿತು, ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಕರೆಂಟು ಇತ್ತು, ಆದರೂ ಗಿರಣಿ ನಿಂತಿತ್ತು. ಇದನ್ನು ಮಾತ್ರ ನಾನು ಉಬ್ಬಿಸಿ ಹೇಳುತ್ತಿಲ್ಲ.