ಭಾಳ ಬಾಗುವ ಪ್ಲೈವುಡ್

ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ, ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆಯೊಂದನ್ನು ನಾನು ಕಟ್ಟತೊಡಗಿದಾಗ, ಹೈದರಾಬಾದಿನ ತಾರ್ನಾಕದ ನಮ್ಮ ಓಣಿಯವರಿಗೆಲ್ಲ ನನ್ನ ತಲೆ ಕೆಟ್ಟಿದೆ ಎಂದು ಖಾತ್ರಿಯಾಯಿತು. ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದು ನಿವೃತ್ತನಾದವನು ನಾನು. ನಿವೃತ್ತರು ವಾಕಿಂಗ್ ಹೋಗಬೇಕು, ಸೊಸೈಟಿ ಮೀಟಿಂಗಿನಲ್ಲಿ ಜಗಳವಾಡಬೇಕು. ಕಬ್ಬಿಣದ ಚೌಕಟ್ಟಿಗೆ ಗಾಲಿ ಹಚ್ಚಿಕೊಂಡು ಕೂರಬಾರದು. “ಟೂರು ಎಲ್ಲಿಗೆ ಸಾರ್?” ಎಂದು ಮೇಲಿನ ಮನೆಯವರು ದಿನಾ ಕೇಳುತ್ತಿದ್ದರು. ಕಾಶ್ಮೀರಕ್ಕೆ ಎನ್ನುತ್ತಿದ್ದೆ. ನಾವು ಹೋಗಬೇಕಾಗಿದ್ದುದು ಬೀದರಿಗೆ.

ಬೀದರಿನಲ್ಲಿ ನನ್ನ ಹೆಂಡತಿಯ ಅಕ್ಕ ಇದ್ದಾರೆ. ಕಾರಿನಲ್ಲಿ ಮೂರು ತಾಸಿನ ದಾರಿ. ಆದರೆ ಒಂದು ಆಪರೇಷನ್ ಆದಮೇಲೆ ನನ್ನ ಹೆಂಡತಿಗೆ ಮೂತ್ರ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಮುಕ್ಕಾಲು ತಾಸಿಗೊಮ್ಮೆ ಹೋಗಲೇಬೇಕು. ಹೆದ್ದಾರಿ ಬದಿಯ ಹೋಟೆಲುಗಳ ಶೌಚಾಲಯ ನೋಡಿದವರಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ. ಒಮ್ಮೆ ಜಹೀರಾಬಾದ್ ಮುಟ್ಟುವ ಮೊದಲೇ ಸೀರೆ ಒದ್ದೆಯಾಗಿ, ಅಳುತ್ತ ಕಾರು ತಿರುಗಿಸಲು ಹೇಳಿದಳು. ಆಮೇಲೆ ನಾಲ್ಕು ವರ್ಷ ಊರು ಬಿಟ್ಟು ಕದಲಲಿಲ್ಲ.

ಕಾರಣವನ್ನು ಅಕ್ಕನಿಗೂ ಹೇಳಲಿಲ್ಲ, ನನಗೂ ಹೇಳಗೊಡಲಿಲ್ಲ. ಅಕ್ಕನ ಮಗನ ಗೃಹಪ್ರವೇಶ ತಪ್ಪಿತು, ಮೊಮ್ಮಗಳ ಜವಳ ತಪ್ಪಿತು. “ಹೈದರಾಬಾದಿನ ದೊಡ್ಡ ಮಂದಿ, ನಮ್ಮನಿಗೆ ಯಾಕ ಬರ್ತಾರ” ಎಂದು ಅಕ್ಕ ಯಾರದೋ ಮುಂದೆ ಅಂದರಂತೆ. ಆಕೆಯಾದರೂ ಒಮ್ಮೆ ಇತ್ತ ಬರಬಹುದಿತ್ತಲ್ಲ ಎಂದು ಇವಳಿಗೂ ನೋವು. ಕೊನೆಗೆ ಫೋನೂ ನಿಂತಿತು. ಇವಳು ಅಡುಗೆಮನೆಯಲ್ಲಿ ನಿಂತು ಸುಮ್ಮನೆ ಮೊಬೈಲು ನೋಡುವುದನ್ನು ಕಂಡರೆ ನನಗೆ ಸಂಕಟವಾಗುತ್ತಿತ್ತು. ಸಂಕಟವಾದಾಗ ನನಗೆ ಮಾಡಲು ಬರುವುದು ಒಂದೇ, ಹಾಳೆ ಹಾಸಿಕೊಂಡು ನಕ್ಷೆ ಬರೆಯುವುದು.

ನಕ್ಷೆಯಲ್ಲಿ ಒಂದು ಹಾಸಿಗೆ, ಒಂದು ನೀರಿನ ಟ್ಯಾಂಕು, ಹಿಂಭಾಗದ ನಡುವೆ ಶೌಚಕ್ಕೊಂದು ಕಿರುಗೂಡು. ಎಲ್ಲಿ ಬೇಕೋ ಅಲ್ಲಿ ಗಾಡಿ ನಿಲ್ಲಿಸಿದರಾಯಿತು. ತೊಡಕು ಎತ್ತರದ್ದು. ಗೋಡೆ ಎತ್ತರಿಸಿದರೆ ಗಾಳಿಗೆ ಗಾಡಿ ಓಲಾಡುತ್ತದೆ. ತಗ್ಗಿಸಿದರೆ ಇವಳು ಒಳಗೆ ನೆಟ್ಟಗೆ ನಿಲ್ಲಲಾರಳು. ಚಾವಣಿಯನ್ನು ಕಮಾನಿನಂತೆ ಬಾಗಿಸಿದರೆ ಮಾತ್ರ ನಡುವೆ ಒಂದು ಗೇಣು ಹೆಚ್ಚು ಸಿಗುತ್ತದೆ. ಆ ಒಂದು ಗೇಣಿಗಾಗಿ ನನಗೆ ಬಾಗುವ ತೆಳು ಪ್ಲೈವುಡ್ ಬೇಕಿತ್ತು.

ಅದಕ್ಕೆ ‘ಫ್ಲೆಕ್ಸಿ ಪ್ಲೈ’ ಎನ್ನುತ್ತಾರೆಂದು ಯಾರೋ ಹೇಳಿದರು. ಸಿಕಂದರಾಬಾದಿಗೆ ಹೋಗಿ ಫ್ಲೆಕ್ಸಿ ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಗಲ್ಲಿಯೊಂದನ್ನು ತೋರಿಸಿದರು. ಅಲ್ಲಿ ಫ್ಲೆಕ್ಸ್ ಬ್ಯಾನರುಗಳ ಮೇಲೆ ಮೂರಾಳೆತ್ತರದ ಮುಖಗಳು ಮಷೀನಿನಿಂದ ಹೊರಬರುತ್ತಿದ್ದವು. “ಫೋಟೋ ಲಾಯೇ ಕ್ಯಾ ಸಾಬ್? ಬರ್ತ್‌ಡೇ ಆಪ್ಕಾ ಯಾ ಲೀಡರ್ ಕಾ?” ಎಂದು ಅಂಗಡಿಯವನು ಕೇಳಿದ. ನಿಜವಾದ ಪ್ಲೈವುಡ್ ಅಂಗಡಿಗಳಲ್ಲೂ “ಬಾಗಿಸಿ ಏನು ಮಾಡ್ತೀರಿ?” ಎಂಬ ಪ್ರಶ್ನೆಯೇ. ನಾನು ಸಿಡುಕುತ್ತಿದ್ದೆ, ಬರಿಗೈಲಿ ಬರುತ್ತಿದ್ದೆ.

ಕೆಲಸಕ್ಕೆ ನನ್ನ ಜೊತೆಗಿದ್ದವನು ಯಾದಗಿರಿ ಕಡೆಯ ಬಡಿಗ. ಎದುರಿನ ಕಟ್ಟಡದಲ್ಲಿ ಸೆಂಟ್ರಿಂಗ್ ಹಲಗೆ ಹೊಡೆಯುವವನು, ರಜೆಯ ದಿನ ನನ್ನ ಬಳಿ ಬರುತ್ತಿದ್ದ. ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಗಿದ್ದ ಒಂದು ದಿನ ಅವನನ್ನೇ ಪ್ಲೈವುಡ್ಡಿಗೆ ಅಟ್ಟಿದೆ. “ನೆನಪಿರಲಿ, ಬಾಗಬೇಕು. ಅದೊಂದೇ ಕೇಳು” ಎಂದಿದ್ದೆ. ಅಂಗಡಿಯಿಂದಲೇ ಫೋನ್ ಮಾಡಿದ. “ಸಾಹೇಬ್ರ, ಬಾಗತೈತಂತ. ಭಾಳ ಬಾಗತೈತಂತ. ನೀವ ಕೇಳ್ರಿ” ಎಂದು ಮೊಬೈಲನ್ನು ಅಂಗಡಿಯವನ ಬಾಯಿಗೆ ಹಿಡಿದ. “ಬಾಗುಂಟದಿ ಸಾರ್! ಚಾಲಾ ಬಾಗುಂಟದಿ!” ಆಸ್ಪತ್ರೆಯ ಗದ್ದಲದಲ್ಲಿ ನನಗೂ ಅದು ಕಿವಿಗೆ ಜೇನು ಸುರಿದಂತೆ ಕೇಳಿಸಿತು. ತಗೊಂಡು ಬಾ ಎಂದೆ.

ಮರುವಾರ ಮೊದಲ ಹಾಳೆಯನ್ನು ಕಮಾನಿನ ಮೇಲಿಟ್ಟು ಇಬ್ಬರೂ ಎರಡು ಕಡೆಯಿಂದ ಒತ್ತಿದೆವು. ಅದು ಜಗ್ಗಲಿಲ್ಲ. ಇನ್ನಷ್ಟು ಒತ್ತಿದೆವು. ಪಟಾರೆಂದು ನಡುವೆ ಸೀಳಿತು. ನೀರು ಹೊಡೆದು ನೋಡಿದ ಎರಡನೆಯ ಹಾಳೆಯೂ ಹಾಗೆಯೇ ಹೋಯಿತು. ನನ್ನ ಪಿತ್ತ ನೆತ್ತಿಗೇರಿತು. ಹೇಳಿದ ಒಂದು ಮಾತು ಕೇಳಲಾರದವನು, ತಲೆಯಲ್ಲಿ ಹೊಟ್ಟು ತುಂಬಿಕೊಂಡವನು, ಇನ್ನೂ ಏನೇನೋ ಅಂದೆ. ಅವನು ಸುತ್ತಿಗೆ ಕೆಳಗಿಟ್ಟ.

“ನಾ ಕೇಳೀನಿ ಸಾಹೇಬ್ರ. ‘ಬಾಗತೈತೇನು’ ಅಂದೆ, ಅಂವ ಹೂಂ ಅಂದ. ನೀವೂ ಕೇಳೀರಲ್ಲ.”

ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದ ನನ್ನ ಹೆಂಡತಿ, ಅಂಗಡಿಯವನು ಏನೆಂದ ಎಂದು ಕೇಳಿದಳು. ಬಡಿಗ ಹೇಳಿದ. ಅವಳು ಸೊಪ್ಪು ಬಿಟ್ಟು ನಗತೊಡಗಿದಳು.

“ಬಾಗುಂಟದಿ ಅಂದ್ರ ಛಲೋ ಇರ್ತೈತಿ ಅಂತ್ರೀ. ಬಾಗತೈತೇನು ಅಂದ್ರ ಅಂವಗ ‘ಛಲೋ ಐತೇನು’ ಅಂತ ಕೇಳಿಸೈತಿ. ಅಂಗಡ್ಯಾಂವ ಯಾವತ್ತರ ತನ್ನ ಮಾಲು ಛಲೋ ಇಲ್ಲ ಅಂತಾನೇನು? ಬಗ್ಗೂದಕ್ಕ ಅವರು ವಂಗುತದಿ ಅಂತಾರ. ಮೂವತ್ತು ವರ್ಷ ತೆಲುಗಿನ್ಯಾಗ ಏನ್ ಮಾಡಿದ್ರಿ?”

ಕಾರ್ಖಾನೆಯಲ್ಲಿ ತೆಲುಗಿನಲ್ಲೇ ಭಾಷಣ ಬಿಗಿಯುತ್ತಿದ್ದವನು ನಾನು. ಬಾಗುಂಟದಿ ನನಗೆ ಗೊತ್ತಿಲ್ಲದ ಮಾತೇ? ಬೇಕೆನಿಸಿದ್ದನ್ನೇ ಕಿವಿ ಕೇಳಿತ್ತು. ಬಡಿಗನ ಮುಖ ನೋಡಲಾಗದೆ ನಿಂತೆ. ಆತ ಮಾತ್ರ ಕೆಲಸದ ಕಡೆಗೇ ಹೊರಳಿದ.

“ಚಾವಣಿ ಚಪ್ಪಟ ಮಾಡೂಣ ಬಿಡ್ರಿ. ಬಗ್ಗಿಸೂ ತ್ರಾಸ ಯಾಕ? ಆ ನಡೂಕಿನ ಗೂಡು ಹೆಂಗೂ ಭಾಂಡೆ ಇಡೂ ಕಪಾಟ ಅಂದೀರಿ. ಭಾಂಡೇಕ ಅಷ್ಟು ಎತ್ತರ ಬೇಕೇನು?”

ಹೌದು, ಅದು ಪಾತ್ರೆಯ ಕಪಾಟು ಎಂದು ನಾನೇ ಅವನಿಗೆ ಸುಳ್ಳು ಹೇಳಿದ್ದೆ. ಅದು ಯಾಕೆಂದು ತಿಳಿದಿದ್ದರೆ ಅವನು ಅಂಗಡಿಯಲ್ಲೇ ಒಂದು ಹಾಳೆಯನ್ನು ಬಗ್ಗಿಸಿ ನೋಡುತ್ತಿದ್ದ. ಈಗ ಅವಳೇ ಬಾಯಿ ಬಿಟ್ಟಳು.

“ಕಪಾಟ ಅಲ್ಲಪ್ಪಾ, ಅದು ನನಗ. ನನಗ ತಡಕೊಳ್ಳಾಕ ಆಗೂದಿಲ್ಲ. ಮುಕ್ಕಾಲು ತಾಸಿಗೊಮ್ಮೆ ಹೋಗಬೇಕಾಗತೈತಿ. ಅದಕ್ಕ ಎಲ್ಲೂ ಹೋಗಿಲ್ಲ.”

ನಾಲ್ಕು ವರ್ಷದಲ್ಲಿ ನಾನು, ಡಾಕ್ಟರು ಬಿಟ್ಟರೆ ಮೂರನೆಯವರಿಗೆ ಅವಳು ಇದನ್ನು ಹೇಳಿದ್ದು ಅದೇ ಮೊದಲು. ಬಡಿಗನಿಗೆ ಅದು ದೊಡ್ಡ ಮಾತೇ ಆಗಲಿಲ್ಲ.

“ಮೊದ್ಲ ಹೇಳಬಾರದೇನ್ರಿ ಅಮ್ಮಾರ. ಸೈಟಿನ್ಯಾಗ ಹೆಣ್ಮಕ್ಕಳಿಗೆ ಎಲ್ಲಕ್ಕಿಂತ ಮೊದ್ಲ ಅದನ್ನ ಕಟ್ತೀವಿ ನಾವು. ಬಾಗಿಲು ಹೊರಗ ತೆರಿಯೂ ಹಂಗ ಮಾಡಬೇಕ್ರಿ, ಒಳಗ ಜಾಗ ಆಗತೈತಿ.”

ನನ್ನ ನಕ್ಷೆಯಲ್ಲಿ ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ಅಳಿಸಿ ಬರೆದೆ. ಅಂದದ್ದಕ್ಕೆ ಕ್ಷಮೆಯನ್ನೂ ಕೇಳಿದೆ. “ಇರಲಿ ಬಿಡ್ರಿ” ಎಂದ, ಆದರೆ ಆ ದಿನ ನನ್ನ ಮನೆಯ ಚಹಾ ಕುಡಿಯಲಿಲ್ಲ.

ಮುಂದಿನ ರಜೆಗೆ ನಾನೂ ಬಡಿಗನೂ ಅದೇ ಅಂಗಡಿಗೆ ಹೋದೆವು. ಈ ಸಲ ಬಾಯಿ ತೆರೆಯಲಿಲ್ಲ. ಎರಡೂ ಕೈಯಲ್ಲಿ ಗಾಳಿಯಲ್ಲೊಂದು ಕಮಾನು ಬರೆದು ತೋರಿಸಿದೆ. ಅಂಗಡಿಯವನು ಒಳಗಿನಿಂದ ತೆಳುವಾದ ಹಾಳೆಯೊಂದನ್ನು ತಂದು ಚಾಪೆಯಂತೆ ಸುರುಳಿ ಸುತ್ತಿದ. ದುಂಡು ಕೌಂಟರುಗಳಿಗೆ ಬಳಸುವ ಮಾಲಂತೆ. ಬಡಿಗ ತಾನೇ ಒಮ್ಮೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ ನೋಡಿ ತಲೆಯಾಡಿಸಿದ.

ಚಾವಣಿ ಕೂತ ದಿನ ಅವಳು ಮೆಟ್ಟಿಲು ಹತ್ತಿ ಒಳಗೆ ಹೋದಳು. ಗೂಡಿನ ಬಾಗಿಲು ಹಾಕಿಕೊಂಡಳು. ತಲೆ ತಾಗುತ್ತದೇನು ಎಂದು ಕೂಗಿದೆ.

“ಇಲ್ರಿ. ನೆಟ್ಟಗ ನಿಂತೀನಿ.” ಆಮೇಲೆ ಒಳಗಿನಿಂದ ಫೋನ್ ರಿಂಗಾಗುವ ಸದ್ದು. ಅವಳು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವವಳು.

“ಅಕ್ಕಾ, ನಾನು. ಸಿಟ್ಟಿಲ್ಲ ನನಗ. ಯಾವತ್ತೂ ಇರ್ಲಿಲ್ಲ.” ಬಡಿಗನಿಗೆ ಹೇಳಿದ ಮಾತನ್ನೇ ಆಕೆಗೂ ಹೇಳಿದಳು. ಸೀರೆ ಒದ್ದೆಯಾಗಿದ್ದನ್ನೂ ಹೇಳಿದಳು.

ನಾನು ಗಾಡಿಯ ಗೋಡೆಗೆ ಕಿವಿ ಹಚ್ಚಿದೆ.

“ಹುಚ್ಚಿ,” ಎಂದರು ಅಕ್ಕ. “ನನಗೂ ಅದ ಆಗೇತಿ. ಮೂರು ವರ್ಷಾತು. ಮತ್ತ ನಾ ಯಾಕ ನಿನ್ನ ಮನಿಗೆ ಬರ್ಲಿಲ್ಲ ಅಂತ ತಿಳ್ಕೊಂಡಿ?”

ಇಬ್ಬರೂ ಅಳುತ್ತಿದ್ದರೋ ನಗುತ್ತಿದ್ದರೋ ಹೊರಗೆ ನಿಂತ ನನಗೆ ತಿಳಿಯಲಿಲ್ಲ. ನನ್ನ ಕಣ್ಣೂ ತುಂಬಿತ್ತು. ಬಡಿಗ ಮೊಳೆಯ ಡಬ್ಬಿ ಎತ್ತಿಕೊಂಡು ಕಟ್ಟಡದ ಆಚೆ ಬದಿಗೆ ನಡೆದ. ಬಾಗಿಲು ಸ್ವಲ್ಪ ತೆರೆಯಿತು.

“ರೀ, ಹಾಸಿಗಿ ಇನ್ನೊಂದು ಹಿಡಿಸತೈತೇನು ನೋಡ್ರಿ. ವಾಪಸ್ ಬರೂ ಮುಂದ ಅಕ್ಕನೂ ಬರ್ತಾಳಂತ.”