ಶೈಲಾ ಒಲ್ಲೆ ಎಂದ ಇಳಿಜಾರು

ಮೊನ್ನೆ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ತಟ್ಟೆಯಲ್ಲಿ ಎದ್ದಿದ್ದ ಗುಡ್ಡೆಯ ಒಂದು ಮಗ್ಗುಲು ಸದ್ದಿಲ್ಲದೆ ಜಾರಿ ನೆಲಕ್ಕೆ ಬಿತ್ತು. ಬೇರೆ ಮನೆಯಲ್ಲಾದರೆ ಇದಕ್ಕೆ ಪೊರಕೆ ಸಾಕು. ನಮ್ಮಲ್ಲಿ ಇದಕ್ಕೊಂದು ಶಾಸ್ತ್ರವೇ ಇದೆ. ನಿಮಗೆ ಅದನ್ನು ಹೇಳದೆ ಬಿಡುವ ಮನಸ್ಸಾಗುತ್ತಿಲ್ಲ.

ಕೊರೋನಾದ ಚಳಿಗಾಲ. ಡಚ್ಚರ ನಾಡಿನ ಐಂಡ್‌ಹೋವನ್ನಿನ ಮನೆಯಲ್ಲಿ ನಾನು ಮಹಡಿಯ ಮೇಲೆ, ಹೆಂಡತಿ ಶೈಲಾ ಕೆಳಗೆ ಕೂತು ಆಫೀಸು ನಡೆಸುತ್ತಿದ್ದೆವು. ಊರಿನ ಜನ ಬ್ರೆಡ್ ಸುಡಲು ಕಲಿತರು, ಗಿಟಾರ್ ಕಲಿತರು. ಶೈಲಾ ಆನ್‌ಲೈನಿನಲ್ಲಿ ಹಿಮಕುಸಿತದ ಅಪಾಯ ಅಳೆಯಲು ಕಲಿತಳು. ವಿಜಯಪುರದವಳು, ಮದುವೆಗೆ ಮುಂಚೆ ಅವಳು ಕಂಡ ಹಿಮವೆಲ್ಲ ಫ್ರಿಜ್ಜಿನ ಮೇಲಿನ ಖಾನೆಯದು. ನಾವಿದ್ದ ದೇಶವೋ, ಸೈಕಲ್ಲಿಗೆ ಸೇತುವೆಯೇ ಬೆಟ್ಟವಾಗುವಂಥದ್ದು. ಆದರೆ ಅವಳ ಸಹೋದ್ಯೋಗಿ ಯೋಸ್ಟ್, ಹಳೆಯ ಸ್ಕೀ ಹುಲಿ, ಗಡಿ ತೆರೆದೊಡನೆ ನಮ್ಮನ್ನು ಆಸ್ಟ್ರಿಯಾದ ಗುಡ್ಡಗಳಿಗೆ ಕರೆದೊಯ್ಯುವುದಾಗಿ ಮಾತು ಕೊಟ್ಟಿದ್ದ. ಲಿಫ್ಟಿಲ್ಲದ ಕಡೆ, ಕಾಲಿಗೆ ಉದ್ದನೆಯ ಸ್ಕೀ ಹಲಗೆ ಕಟ್ಟಿಕೊಂಡು ನಾವೇ ಹತ್ತಿ ನಾವೇ ಇಳಿಯುವುದು.

ಒಂದು ಮಧ್ಯಾಹ್ನ ಕಾಫಿಗೆ ಇಳಿದು ಬಂದರೆ ಮೇಜಿನ ಮೇಲೆ ರೊಟ್ಟಿಯ ಹಲಗೆ, ಅದರ ಮೇಲೆ ನಮ್ಮ ವಾರದ ದಿನಸಿ.

"ಏನೇ ಇದು?"

"ಕೆಳಗ ಮೈದಾ, ನಡುವ ಸಕ್ರಿ, ಮ್ಯಾಲ ಜ್ವಾಳದ ಹಿಟ್ಟು. ಮ್ಯಾಲಿಂದ ನೋಡಿದ್ರ ಎಲ್ಲಾ ಗಟ್ಟಿ ಕಾಣಸ್ತದ. ಒಳಗಿನ ಸಕ್ರಿ ಮಾತ್ರ ಯಾರನ್ನೂ ಹಿಡಕೊಳ್ಳೂದಿಲ್ರಿ," ಎಂದು ಹಲಗೆಯನ್ನು ಓರೆ ಮಾಡಿದಳು. ಹಿಟ್ಟು ಇಡಿಯಾಗಿ ಜಾರಿ ನನ್ನ ಪ್ಯಾಂಟಿನ ಮೇಲೆ ಬಿತ್ತು. ಮೀಟಿಂಗಿಗೆ ಶರ್ಟೊಂದೇ ಸಾಕಾಗಿದ್ದ ಕಾಲ, ನಷ್ಟವೇನೂ ಆಗಲಿಲ್ಲ. ಗೆಳೆಯರಿಗೆಲ್ಲ ಈ ಕಥೆ ಹೇಳಿ ಸಾಕಷ್ಟು ನಗಿಸಿದೆ.

ಮುಂದಿನ ಚಳಿಗಾಲದಲ್ಲಿ ಲಸಿಕೆಯ ಪ್ರಮಾಣಪತ್ರವನ್ನು ಫೋನಿನಲ್ಲಿಟ್ಟುಕೊಂಡು ಯೋಸ್ಟ್‌ನ ಜೊತೆ ಆಸ್ಟ್ರಿಯಾಕ್ಕೆ ಹೊರಟೆವು. ಬೆಳಿಗ್ಗೆಯೆಲ್ಲ ಏದುಸಿರು ಬಿಡುತ್ತ ಹತ್ತಿ, ಕೊನೆಯ ಇಳಿಜಾರಿನ ಅಂಚಿಗೆ ಬಂದಿದ್ದೆವು. ಅದನ್ನು ಅಡ್ಡ ಹಾಯ್ದರೆ ಆಚೆ ಗುಡಿಸಲು, ಗುಡಿಸಲಲ್ಲಿ ಬಿಸಿ ಸೂಪು. ಆಗ ಶೈಲಾಳ ಸ್ಕೀ ಅಡಿಯಲ್ಲಿ ಹಿಮ 'ಧುಪ್' ಎಂದಿತು. ಯಾರೋ ನೆಲದೊಳಗೆ ನಿಟ್ಟುಸಿರು ಬಿಟ್ಟ ಹಾಗೆ. ಅವಳು ನಿಂತಳು. ಸಲಿಕೆ ತೆಗೆದು ಗುಂಡಿ ತೋಡಿ, ಬೆರಳಿನಿಂದ ಪದರ ಪದರ ಒತ್ತಿ ನೋಡಿದಳು. ಕೆಳಗಿನ ಹಿಮ ಅವಳ ಕೈಗವಸಿನಿಂದ ಸಕ್ಕರೆಯಂತೆ ಉದುರಿತು.

"ನಾ ಒಲ್ಲೆ," ಎಂದಳು.

ಯೋಸ್ಟ್ ತಾಳ್ಮೆಯಿಂದ ಇಂಗ್ಲಿಷಿನಲ್ಲಿ ಹೇಳಿದ: "ನೋಡು, ಆಗಲೇ ಇಬ್ಬರು ದಾಟಿದ ಸ್ಕೀ ಗೆರೆ ಇದೆ."

ನಾನು ಸೂಪಿನ ಪಕ್ಷ ವಹಿಸಿದೆ. "ಇಷ್ಟು ದೂರ ಬಂದಿದ್ದೀವಲ್ಲೇ..."

"ದೂರ ಬಂದೇವಂತ ಅದು ಗಟ್ಟಿ ಆಗತದೇನ್ರಿ? ನೀವ್ ಹೋಗೂದಿದ್ರ ಹೋಗ್ರಿ. ನಾ ಇಲ್ಲೇ ನಿಂತು ನೋಡ್ತೀನಿ. ಅಗದು ತಗಿಯಾಕ ಒಬ್ಬರು ಬೇಕಲ್ಲ."

ಸಲಿಕೆಯನ್ನು ಚೀಲಕ್ಕೆ ಹಾಕದೆ ಕೈಯಲ್ಲೇ ಹಿಡಿದು ನಿಂತಳು. ಕೋಪಕ್ಕಲ್ಲ ಎಂದು ಆಗ ತಿಳಿಯಿತು. ಹೆಂಡತಿಯ ಕೈಯಲ್ಲಿ ಸಲಿಕೆ ನೋಡಿದ ಮೇಲೆ ನನಗೆ ಸೂಪು ಬೇಡವಾಯಿತು. ಮೂವರೂ ಬಂದ ದಾರಿಯಲ್ಲೇ ಇಳಿದೆವು.

ಇಲ್ಲಿ ಇಡೀ ಗುಡ್ಡ ಗುಡುಗಿ ಬಿತ್ತು ಎಂದು ಬರೆದರೆ ಪ್ರಬಂಧಕ್ಕೆ ಚೆನ್ನ. ಬೀಳಲಿಲ್ಲ. ಸಂಜೆ ಕಣಿವೆಯಿಂದ ನೋಡಿದರೆ ಇಳಿಜಾರು ಇಸ್ತ್ರಿ ಮಾಡಿದ ಪಂಚೆಯಂತೆ ಹಾಸಿಕೊಂಡಿತ್ತು. ನಮ್ಮ ಹಿಂದೆ ಬಂದವರೂ ಅದನ್ನು ದಾಟಿ, ಸೂಪು ಕುಡಿದು, ಹಾಡುತ್ತ ಇಳಿದು ಬಂದರು. ಯೋಸ್ಟ್ ಬಹಳ ದಿನ ಶೈಲಾಳನ್ನು "ಮೇಡಂ ಹವಾಮಾನ ಇಲಾಖೆ" ಎಂದು ಕರೆದ. ನಾನೂ ನಕ್ಕೆ.

ಮೊನ್ನೆ ಹಿಟ್ಟು ಗುಡಿಸುವ ಮೊದಲು ಕೇಳಿಯೇಬಿಟ್ಟೆ: "ಅವತ್ತು ಅದು ನಿಜವಾಗ್ಲೂ ಬೀಳ್ತಿತ್ತೇನೇ?"

"ನನಗೇನ್ ಗೊತ್ತ್ರಿ?" ಎಂದಳು. "ಬೀಳೂದಿಲ್ಲಂತ ಗೊತ್ತಿದ್ರ ದಾಟತಿದ್ದೆ."

ಅಷ್ಟರಲ್ಲಿ ಯೋಸ್ಟ್‌ನ ಫೋನು. ಫೆಬ್ರವರಿಯಲ್ಲಿ ಮಗಳನ್ನೂ ಕರೆದುಕೊಂಡು ಗುಡ್ಡಕ್ಕೆ ಹೋಗುತ್ತಾನಂತೆ, ಬರುತ್ತೀರಾ ಎಂದ. ಶೈಲಾಳನ್ನು ಕೇಳಿ ಹೇಳುತ್ತೇನೆ ಎಂದೆ. ಗಂಡಸು ಹೇಳಲು ಅಳುಕುವ ಮಾತು. ನನ್ನ ಬಾಯಿಂದ ಸಲೀಸಾಗಿ ಬಂತು.

"ನೀನು ಬರದಿದ್ದರೂ ನಡೆಯುತ್ತೆ," ಎಂದ ಯೋಸ್ಟ್. "ಅವಳನ್ನು ಮಾತ್ರ ಕಳಿಸು."